ಒಂಟೆಗೆ ಹಚ್ಚಿದ ಎಣ್ಣೆ

ಸೀಸೆ ಬಗ್ಗಿಸಿದ ಕೂಡಲೇ ಎಣ್ಣೆ ಹರಿಯಿತು. ಹರಿಯಬಾರದಿತ್ತು.

ತಾಸ್‌ಬುಲಾಕ್ ಬಾವಿಗಳ ಕಚ್ಚಾ ಎಣ್ಣೆಯಲ್ಲಿ ಮೇಣ ಜಾಸ್ತಿ. ಮಾರ್ಚ್ ತಿಂಗಳ ಚಳಿಯಲ್ಲಿ ಅದು ಕುರಿಬಾಲದ ಕೊಬ್ಬಿನ ಹಾಗೆ ಹೆಪ್ಪುಗಟ್ಟಿ ಕೂರುತ್ತದೆ. ಸೀಸೆಯನ್ನು ತಲೆಕೆಳಗು ಹಿಡಿದರೂ ಒಂದು ಹನಿ ಉದುರುವುದಿಲ್ಲ. ಜೆಟಿಕುದುಕ್ ಊರಿನ ಶಾಲೆಮಕ್ಕಳಿಗೂ ಇದು ಗೊತ್ತು. ಈಗ ಗಾಜಿನ ಬಟ್ಟಲಿಗೆ ಇಳಿದದ್ದು ಹಾಲಿಲ್ಲದ ಚಹಾದಂಥ ತೆಳ್ಳಗಿನ ಎಣ್ಣೆ, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಗಟ್ಟಿ ಎಣ್ಣೆ ಕರಗಿಸಲೆಂದು ಪಕ್ಕದ ಕೋಣೆಯ ತೊಟ್ಟಿಯಲ್ಲಿ ಕಾಯಿಸಿಟ್ಟ ಬಿಸಿನೀರು ಸುಮ್ಮನೆ ಹಬೆಯಾಡುತ್ತಿತ್ತು.

"ಇದು ನಮ್ಮದಲ್ಲ," ಎಂದ ಇಸ್ಮಾಗುಲ್. ಅವನು ತಾಸ್‌ಬುಲಾಕ್ ಕಂಪನಿಯ ಮುಖ್ಯ ತಂತ್ರಜ್ಞ. ನುಣ್ಣಗೆ ಕ್ಷೌರ ಮಾಡಿಕೊಂಡ, ನುಣ್ಣಗೆ ಮಾತಾಡುವ ಮನುಷ್ಯ. "ಕರಾಮಾನ್ ಬಾವಿಯ ಎಣ್ಣೆ ಇದು. ಮೂಗಿದ್ದೋರಿಗೆಲ್ಲ ಗೊತ್ತಾಗತ್ತೆ."

ಉಲ್ಬೋಸಿನ್ ಸೀಸೆಯನ್ನು ಮೇಜಿನ ಮೇಲಿಟ್ಟಳು. ಇಪ್ಪತ್ತೆರಡು ವರ್ಷದಿಂದ ಈ ಲ್ಯಾಬಿನಲ್ಲಿ ಸುತ್ತಲ ಮೂರು ಬಾವಿ ಪ್ರದೇಶಗಳ ಎಣ್ಣೆ ಪರೀಕ್ಷಿಸಿದ ಹೆಂಗಸು ಅವಳು. ಸೀಸೆಯ ಮೇಲಿನ ಕಾಗದದ ಸೀಲು ಅವಳದು, ಸಹಿ ಅವಳದು, ಫೆಬ್ರವರಿ ಹನ್ನೆರಡು ಎಂಬ ತಾರೀಖು ಬರೆದ ಕೈಯೂ ಅವಳದು. ಕೀಳುವವರೆಗೂ ಸೀಲು ಹರಿದಿರಲಿಲ್ಲ. ಒಳಗಿದ್ದದ್ದು ಮಾತ್ರ ಬೇರೆ.

ಮೇಜರ್ ಮೆಂದಿಗಾಲಿ ಕಿಟಕಿಯ ಬಳಿ ನಿಂತು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದ. ಐವತ್ತೆರಡು ವಯಸ್ಸಿನ ಈ ಪೊಲೀಸ್ ಅಧಿಕಾರಿ ಬಾಲ್ಯವನ್ನೆಲ್ಲ ಅಪ್ಪನ ಒಂಟೆಗಳ ಹಿಂದೆ ಕಳೆದವನು, ರಸಾಯನಶಾಸ್ತ್ರದಲ್ಲಿ ಎರಡು ಸಲ ಫೇಲಾದವನು. ಮೂರು ವಾರದ ಹಿಂದೆ ತೈಲ ಸಂಸ್ಕರಣಾಗಾರದಲ್ಲಿ ಎಣ್ಣೆಯೊಳಗಿನ ಕ್ಲೋರಿನ್ ಆಮ್ಲವಾಗಿ ಪೈಪು ತಿಂದು, ಕೆಲಸಕ್ಕೆ ಸೇರಿ ಹತ್ತೇ ದಿನವಾಗಿದ್ದ ಫಿಟ್ಟರ್ ಕುವಾನಿಶ್ ಮೈಯೆಲ್ಲ ಸುಟ್ಟುಕೊಂಡ ದಿನದಿಂದ ಮೇಜರಿಗೆ ಒಂದು ಹೊತ್ತಿನ ಊಟವೂ ಸರಿಯಾಗಿ ಇಳಿದಿರಲಿಲ್ಲ. ತಾಸ್‌ಬುಲಾಕ್‌ನ ಆ ಎಣ್ಣೆ ಶುದ್ಧ ಎಂದು ಸಹಿ ಹಾಕಿದವಳು ಉಲ್ಬೋಸಿನ್. ಅದು ಸುಳ್ಳಾದರೆ ಜೈಲು. ಸೀಸೆ ಬದಲಾಯಿಸಿದ್ದಾಳೆ ಎಂದಾದರೂ ಜೈಲು.

ಅರ್ಧ ಗಂಟೆಯಲ್ಲಿ ಈ ತೆಳು ಎಣ್ಣೆಯ ಮೊದಲ ಪರೀಕ್ಷೆಯೂ ಮುಗಿಯಿತು. ಕ್ಲೋರಿನ್ ಇಲ್ಲ.

"ನೋಡಿ ಮೆನೆಕೆ," ಎಂದ ಇಸ್ಮಾಗುಲ್. ಹಿರಿಯರ ಹೆಸರನ್ನು ಹೀಗೆ ಮೊಟಕು ಮಾಡಿ ಕರೆಯುವುದು ಗೌರವ. ಇವನ ಬಾಯಲ್ಲಿ ಅದು ಬೆನ್ನು ಸವರಿದಂತಿತ್ತು. "ನಾವು ಎರಡು ಸೀಸೆ ಕೊಟ್ವಿ. ಲ್ಯಾಬಿನವರ ಎದುರೇ ಒಂದೇ ಬಕೀಟಿಂದ ತುಂಬಿದ್ದು. ಒಂದು ಅವತ್ತೇ ಪರೀಕ್ಷೆಗೆ, ಇನ್ನೊಂದು ಜಗಳ ಬಂದಾಗ ತೆಗೆಯೋಕೆ ಅಂತ ಸೀಲು ಹಾಕಿ ಇಟ್ಟಿದ್ದು. ಜಗಳ ಬಂತು, ತೆಗೆದ್ವಿ. ಒಳಗೆ ಪಕ್ಕದ ಮನೆಯವರ ಎಣ್ಣೆ. ನಾನೇನು ಹೇಳ್ಲಿ."

"ಅವಳು ಯಾಕೆ ಬದಲಾಯಿಸ್ತಾಳೆ?"

"ಅದನ್ನ ಪತ್ತೆ ಮಾಡೋಕೆ ತಾನೇ ನಿಮಗೆ ಸಂಬಳ ಕೊಡೋದು. ಪ್ರಾಸಿಕ್ಯೂಟರಿಗೆ ಫೋನ್ ಮಾಡಿದ್ದೀನಿ. ಆರು ಗಂಟೆಗೆ ಬಂಧನದ ಕಾಗದಕ್ಕೆ ಸಹಿ ಬೀಳತ್ತೆ. ನನಗೆ ಅಕ್ತಾವ್ ಪಟ್ಟಣದಲ್ಲಿ ಒಂದು ಕಡೆ ಹೋಗೋದಿದೆ."

ಅವನು ಹೊರಟಾಗ ಗಡಿಯಾರದಲ್ಲಿ ಒಂದೂಕಾಲು. ಮೆಂದಿಗಾಲಿಗೆ ಒಂದು ಸಣ್ಣ ಸಂಗತಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಸೀಲು ಕೀಳುವ ಮುಂಚೆ ಇಸ್ಮಾಗುಲ್ಲನ ಹಣೆಯಲ್ಲಿ ಬೆವರಿತ್ತು. ಎಣ್ಣೆ ಹರಿದಾಗ ಅವನ ಮುಖದ ಮೇಲೆ ಮೊದಲು ಬಂದದ್ದು ನಗು. ಸಿಟ್ಟು ಬಂದದ್ದು ಆಮೇಲೆ.

"ಉಲ್ಬೋಸಿನ್," ಎಂದ ಅವನು. "ಏನಾದ್ರೂ ಹೇಳಮ್ಮ."

"ಏನು ಹೇಳ್ಲಿ ಆಗಾ. ನಾನು ಬದಲಾಯಿಸಿಲ್ಲ ಅಂದ್ರೆ ನಂಬ್ತೀರಾ?" ಎಂದಳು. ಆಗಾ ಅಂದರೆ ಅಣ್ಣ.

ನಂಬುತ್ತಿದ್ದ. ಸಾಕ್ಷಿಯೆಲ್ಲ ಒಂದು ಕಡೆ, ಅವನ ನಂಬಿಕೆ ಒಂದು ಕಡೆ. ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಗೊಂದಲ ಅವನಿಗೆ ಆಗಿರಲಿಲ್ಲ. ಇನ್ನೊಂದು ವಿಚಿತ್ರ, ಅವಳು ಈಚೆಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರಲಿಲ್ಲ. ಅವನು ಬೇರೆ ಕಡೆ ತಿರುಗಿದಾಗ ಮಾತ್ರ ನೋಡುತ್ತಿದ್ದಳು.

ಈ ಪ್ರಕರಣದಲ್ಲಿ ಎಲ್ಲರೂ ಹೀಗೇ. ಹೋದ ವಾರ ಅಕ್ತಾವ್ ಆಸ್ಪತ್ರೆಗೆ ಹೋದಾಗ ಆ ಕುವಾನಿಶ್ ಮುಖವೆಲ್ಲ ಬ್ಯಾಂಡೇಜು ಸುತ್ತಿಕೊಂಡು ಪ್ರಜ್ಞೆ ಇಲ್ಲದೆ ಮಲಗಿದ್ದ. ಹೊರಗೆ ಅವನ ತಾಯಿ ಮೆಂದಿಗಾಲಿಯ ಎರಡೂ ಕೈ ಹಿಡಿದು, "ನನ್ನ ಮಗನ ಸೋದರಮಾವ ಬಂದ್ರು," ಎಂದು ಗೊಳೋ ಎಂದು ಅತ್ತಿದ್ದಳು. ಅವಳನ್ನು ಅವನು ಜನ್ಮದಲ್ಲಿ ಕಂಡವನಲ್ಲ. ದುಃಖದಲ್ಲಿ ಏನೋ ಅನ್ನುತ್ತಾಳೆ ಎಂದುಕೊಂಡು ಬೆನ್ನು ತಟ್ಟಿ ಬಂದಿದ್ದ.

"ಒಂದು ಮಾತು ಹೇಳು," ಎಂದ ಅವನು ಸ್ಟೂಲು ಎಳೆದುಕೊಂಡು. "ನೀನೇ ಕಳ್ಳಿ ಅಂತ ಇಟ್ಕೊ. ತಾಸ್‌ಬುಲಾಕ್ ಸೀಸೆಗೆ ಬೇರೆ ಎಣ್ಣೆ ತುಂಬಬೇಕು. ಕರಾಮಾನ್ ಎಣ್ಣೆ ತುಂಬ್ತೀಯಾ?"

ಉಲ್ಬೋಸಿನ್ ಮೊದಲ ಸಲ ತಲೆಯೆತ್ತಿದಳು. "ನನಗೇನು ಹುಚ್ಚಾ? ಬಗ್ಗಿಸಿದ ತಕ್ಷಣ ಸಿಕ್ಕಿಬೀಳ್ತೀನಿ. ತಾಸ್‌ಬುಲಾಕ್‌ನದೇ ಹಳೇ ಎಣ್ಣೆ ತುಂಬ್ತೀನಿ."

"ಅದೇ ನಾನೂ ಅನ್ನೋದು. ಇದು ಎಣ್ಣೆ ಗೊತ್ತಿರೋರ ಕೆಲಸ ಅಲ್ಲ. ಎಣ್ಣೆ ಅಂದ್ರೆ ಎಣ್ಣೆ, ಕಪ್ಪಗಿದ್ರೆ ಸಾಕು ಅನ್ನೋರ ಕೆಲಸ."

ಅವನು ಕಿತ್ತಿಟ್ಟ ಸೀಲಿನ ಕಾಗದವನ್ನು ಬೆಳಕಿಗೆ ಹಿಡಿದ. ಅಂಚು ಒಂದು ಕಡೆ ಸೊಟ್ಟಗಾಗಿತ್ತು, ಹಬೆ ತಗುಲಿದ ಲಕೋಟೆಯ ಹಾಗೆ. ಅಂಟಿನೊಳಗೆ ಬೆರಳುದ್ದದ ಒಂದು ಕೂದಲು ಸಿಕ್ಕಿಕೊಂಡಿತ್ತು. ತೆಳ್ಳಗೆ, ಕಂದು ಬಣ್ಣಕ್ಕೆ.

"ನನ್ನ ಶಾಲಿಂದು ಇರಬೇಕು," ಎಂದಳು ಉಲ್ಬೋಸಿನ್.

ಮೆಂದಿಗಾಲಿ ಅದನ್ನು ಚಿಮಟದಲ್ಲಿ ಎತ್ತಿ, ಎರಡು ಬೆರಳ ನಡುವೆ ಹೊಸೆದು, ಮೂಗಿನ ಹತ್ತಿರ ಹಿಡಿದ. ಶಾಲು ಎಷ್ಟೋ ಸಲ ಸೋಪು ಕಂಡಿರುತ್ತದೆ. ಇದು ಕಂಡಿರಲಿಲ್ಲ. ಕಣ್ಣು ಮುಚ್ಚಿದರೆ ಅಪ್ಪನ ಕೊಟ್ಟಿಗೆ ಬಂದು ನಿಲ್ಲುವಂಥ ವಾಸನೆ. ರಸಾಯನಶಾಸ್ತ್ರ ಅವನಿಗೆ ಬಾರದಿರಬಹುದು, ಇದು ಬರುತ್ತಿತ್ತು.

"ಸೀಸೆಗಳ ಉಗ್ರಾಣದ ಬೀಗದ ಕೈ ಯಾರ ಹತ್ತಿರ?"

"ತಿಲೆಪ್‌ಬೆರ್ಗೆನ್ ತಾತನ ಹತ್ತಿರ. ಪಾಪ, ಅವರಿಗೇನು ಗೊತ್ತಾಗತ್ತೆ."

"ಅವರ ಮನೇಲಿ ಒಂಟೆ ಇದೆಯಾ?"

ಅವಳು ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದಳು.

ಲ್ಯಾಬಿನ ಹಿಂಬದಿಯ ಬೇಲಿಯಾಚೆ ಮುದುಕನ ಮನೆ. ಅಂಗಳದಲ್ಲಿ ಒಂದು ಹೆಣ್ಣೊಂಟೆ ಮಂಡಿ ಮಡಿಸಿ ಕೂತು ಮೆಲುಕು ಹಾಕುತ್ತಿತ್ತು. ಪಕ್ಕದಲ್ಲಿ ತಿಂಗಳ ಮರಿ, ಕೊರಳಲ್ಲಿ ದೃಷ್ಟಿಗೆ ಕಟ್ಟಿದ ತಾಯಿತ. ತಾಯಿಯ ಕತ್ತಿನಿಂದ ಭುಜದವರೆಗೆ ಕೂದಲು ಉದುರಿದ ಜಾಗದಲ್ಲೆಲ್ಲ ಕಪ್ಪಗೆ ಏನೋ ಹೆಪ್ಪುಗಟ್ಟಿತ್ತು, ಮಧ್ಯಾಹ್ನದ ಬಿಸಿಲಿಗೆ ಮೇಣದಂತೆ ಹೊಳೆಯುತ್ತಿತ್ತು.

ಮೆಂದಿಗಾಲಿ ಅಲ್ಲೇ ನಿಂತುಬಿಟ್ಟ. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸರ್ಕಾರ, ಕಂಪನಿ, ಪ್ರಾಸಿಕ್ಯೂಟರು ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದ ಸಾಕ್ಷಿ ಇಲ್ಲಿ ಕೂತು ಹುಲ್ಲು ಮೆಲ್ಲುತ್ತಿತ್ತು.

"ಬಾ ಮಗಾ, ಬಾ," ಎಂದ ಮುದುಕ ಬಾಗಿಲಿಗೆ ಬಂದು. ಎಪ್ಪತ್ತು ದಾಟಿದವನು, ಬಿಳಿ ಗಡ್ಡ, ತಲೆ ಮೇಲೆ ಕುರಿತುಪ್ಪಳದ ಟೋಪಿ. "ಹೊತ್ತಿಗೆ ಸರಿಯಾಗಿ ಬಂದೆ. ಚಹಾ ಇಡ್ತಿದ್ದೆ."

"ಚಹಾ ಆಮೇಲೆ, ತಾತ. ಒಂಟೆಗೆ ಏನಾಗಿದೆ?"

"ಕಜ್ಜಿ. ಚಳಿಗಾಲ ಕಳೆಯೋ ಹೊತ್ತಿಗೆ ಬರತ್ತಲ್ಲ."

"ಏನು ಹಚ್ಚಿದ್ದೀರಿ?"

ಮುದುಕ ಗಡ್ಡ ಕೆರೆದುಕೊಂಡ. "ಏನು ಹಚ್ತಾರೆ? ನಿಮ್ಮಪ್ಪ ಏನು ಹಚ್ತಿದ್ದ?"

"ನಮ್ಮಪ್ಪ ನೆಲದಿಂದ ತಾನಾಗೇ ಒಸರೋ ಎಣ್ಣೆ ಹಚ್ತಿದ್ರು. ಸೀಲು ಹಾಕಿದ ಸೀಸೆಯಿಂದ ತೆಗೀತಿರಲಿಲ್ಲ."

ಮುದುಕನ ಮುಖ ಹುಳ್ಳಗಾಯಿತು. ಒಂಟೆಯ ಕಡೆ ನೋಡಿದ, ಬೇಲಿಯ ಕಡೆ ನೋಡಿದ, ಕೊನೆಗೆ ತನ್ನ ಬೂಟಿನ ಕಡೆ ನೋಡಿದ.

"ಯಾರು ಹೇಳಿದ್ದು?"

"ನಿಮ್ಮ ಒಂಟೇನೇ ಹೇಳ್ತು." ಮೆಂದಿಗಾಲಿ ಕೂದಲನ್ನು ಅವನ ಅಂಗೈ ಮೇಲಿಟ್ಟ. "ಸೀಲಿನ ಅಂಟಲ್ಲಿ ಸಿಕ್ಕಿತ್ತು. ಕೆಟಲಿನ ಹಬೆ ಹಿಡಿದು ಬಿಡಿಸಿದ್ರಾ?"

ತಿಲೆಪ್‌ಬೆರ್ಗೆನ್ ಜಗಲಿಯ ಮೇಲೆ ಕುಕ್ಕರಿಸಿದ. ಕಣ್ಣಲ್ಲಿ ನೀರಾಡಿತು, ಆದರೆ ದನಿಯಲ್ಲಿ ಹಟವಿತ್ತು.

"ಕದ್ದೆ ಅನ್ಬೇಡ. ಇಪ್ಪತ್ತು ವರ್ಷದಿಂದ ನಲವತ್ತೈದು ದಿನ ಕಳೆದ ಸೀಸೆಗಳನ್ನ ನಾನೇ ಚರಂಡಿಗೆ ಸುರೀತೀನಿ. ಸುರಿಯೋ ಬದಲು ಒಂಟೆಗೆ ಹಚ್ತೀನಿ. ಲ್ಯಾಬಿನೋರಿಗೆಲ್ಲ ಗೊತ್ತು. ಉಲ್ಬೋಸಿನ್ ಮಾವನ ಒಂಟೆಗೂ ನಾನೇ ಕೊಟ್ಟಿದ್ದು. ತಾಸ್‌ಬುಲಾಕ್‌ದೇ ಆಗ್ಬೇಕು. ಉಳಿದದ್ದು ಹರಿದು ಹೋಗತ್ತೆ, ಇದು ಹಿಡಿದು ಕೂರತ್ತೆ."

"ಇದಕ್ಕೆ ನಲವತ್ತೈದು ದಿನ ಆಗಿರಲಿಲ್ಲ."

"ಕಜ್ಜಿ ತಾರೀಖು ನೋಡ್ಕೊಂಡು ಬರತ್ತಾ ಮಗಾ? ಹಳೇದೆಲ್ಲ ಸುರಿದಾಗಿತ್ತು. ಮರಿ ಹಾಲು ಕುಡಿಯೋಕೆ ಬಂದಾಗೆಲ್ಲ ಅದಕ್ಕೂ ಅಂಟ್ಕೊಳ್ತಿತ್ತು. ಕಾಯೋದು ಹೇಗೆ? ಎರಡು ವಾರದ ಹಿಂದೆ ಸೀಸೇನ ಬಿಸಿನೀರಲ್ಲಿ ಇಟ್ಟು ಕರಗಿಸಿ ತೆಗೆದೆ. ಸೀಸೆ ತೊಳೆದೆ. ಖಾಲಿ ಇಟ್ರೆ ಚೆನ್ನಾಗಿರಲ್ಲ ಅಂತ, ಬಾಗಿಲ ಹಿಂದೆ ಕೀಲಿಗೆ ಬಿಡೋಕೆ ಇಟ್ಟ ಡಬ್ಬಿಯಿಂದ ಕರಾಮಾನ್ ಎಣ್ಣೆ ತುಂಬಿ ಮತ್ತೆ ಅಂಟಿಸಿದೆ. ಇಷ್ಟು ವರ್ಷದಲ್ಲಿ ಆ ಸೀಸೇನ ಯಾರಾದ್ರೂ ತೆರೆದಿದ್ದು ನೋಡಿದ್ದೀಯಾ?"

"ಇವತ್ತು ತೆರೆದ್ರು, ತಾತ. ಅದಕ್ಕೆ ಉಲ್ಬೋಸಿನ್‌ನ ಆರು ಗಂಟೆಗೆ ಒಳಗೆ ಹಾಕ್ತಾರೆ."

ಮುದುಕನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಅವನ ಬೋಳುತಲೆ ಮಗುವಿನ ತಲೆಯಂತೆ ಕಂಡಿತು.

"ನಾನು ಬಂದು ಹೇಳ್ತೀನಿ. ಈಗಲೇ ಬರ್ತೀನಿ. ನನ್ನ ಹಾಕ್ಲಿ ಒಳಗೆ."

ಮೆಂದಿಗಾಲಿ ಆಗಲೇ ಚಾಕು ಬಿಚ್ಚಿ ಒಂಟೆಯ ಭುಜದಿಂದ ಕಪ್ಪು ಮೇಣವನ್ನು ಕಾಗದದ ಮೇಲೆ ಹೆರೆಯುತ್ತಿದ್ದ. ಒಂಟೆ ತಿರುಗಿ ಅವನ ತೋಳಿನ ಮೇಲೆ ಉಗುಳಿತು. ಅದರ ಮಟ್ಟಿಗೆ ಅದು ನ್ಯಾಯವೇ.

ಬೇಲಿಯಾಚೆಯಿಂದ ಉಲ್ಬೋಸಿನ್ ಓಡಿಬಂದಿದ್ದಳು. ಹೆರೆದದ್ದನ್ನು ಮುಟ್ಟಿ ನೋಡಿ ತಲೆಯಾಡಿಸಿದಳು.

"ಪ್ರಯೋಜನ ಇಲ್ಲ ಆಗಾ. ಬಾವಿಯ ಮೇಣ ತೊಳೆಯೋಕೆ ಕದ್ದು ಸುರಿಯೋ ಕ್ಲೋರಿನ್ ದ್ರಾವಕ ಸ್ಪಿರಿಟ್ ಹಾಗೆ ಆರಿ ಹೋಗತ್ತೆ. ಎರಡು ವಾರ ಬಿಸಿಲಲ್ಲಿ ಕೂತ ಒಂಟೆ ಮೇಲೆ ಏನು ಉಳಿದಿರತ್ತೆ? ಬರೀ ಮೇಣ. ಇದರಲ್ಲಿ ಕ್ಲೋರಿನ್ ಇಲ್ಲ ಅಂದ್ರೆ ಇರಲೇ ಇಲ್ಲ ಅಂತಲೂ ಹೇಳೋ ಹಾಗಿಲ್ಲ."

ಮೆಂದಿಗಾಲಿ ಪೆಚ್ಚಾದ. ಮೇಣ ಹೆರೆದ ಕಾಗದವನ್ನು ಏನು ಮಾಡಬೇಕೆಂದು ತೋಚದೆ ಕೈಯಲ್ಲೇ ಹಿಡಿದು ನಿಂತ.

"ಜಾಡಿಯಲ್ಲಿರೋದು ಆರಿರಲ್ವಲ್ಲ," ಎಂದ ಮುದುಕ.

ಇಬ್ಬರೂ ಅವನ ಕಡೆ ತಿರುಗಿದರು.

"ಯಾವ ಜಾಡಿ?"

"ಹಚ್ಚಿ ಮಿಕ್ಕಿದ್ದು. ಅರ್ಧ ಜಾಡಿ ಇದೆ. ಗಟ್ಟಿ ಮುಚ್ಚಳ ಹಾಕಿ ಇಟ್ಟಿದ್ದೀನಿ."

"ಇಷ್ಟೊತ್ತು ಯಾಕೆ ಹೇಳಲಿಲ್ಲ, ತಾತ?"

"ನೀನು ಒಂಟೆ ಮೇಲೆ ಏನಿದೆ ಅಂತ ಕೇಳಿದೆ. ಜಾಡಿ ವಿಷಯ ಕೇಳಲಿಲ್ಲ. ಮತ್ತೆ ಹಚ್ಚೋಕೂ ಮನಸ್ಸಾಗಲಿಲ್ಲ ಬಿಡು. ಈ ಸಲದ ಎಣ್ಣೆ ಒಂಥರಾ ಸಿಹಿ ಸಿಹಿ ಔಷಧಿ ವಾಸನೆ. ಹಚ್ಚುವಾಗ ನನಗೇ ತಲೆ ತಿರುಗ್ತು. ಮರಿ ಅಮ್ಮನ್ನ ನೆಕ್ಕಿ ಎರಡು ದಿನ ಏಳಲಿಲ್ಲ. ದೃಷ್ಟಿ ಆಯ್ತು ಅಂತ ತಾಯಿತ ಕಟ್ಟಿದೆ."

ಉಲ್ಬೋಸಿನ್ ಮುಖದ ಬಣ್ಣ ಇಳಿದದ್ದನ್ನು ಮೆಂದಿಗಾಲಿ ನೋಡಿದ. ಯಾಕೆಂದು ಅವನಿಗೆ ಆಗ ತಿಳಿಯಲಿಲ್ಲ.

ಉಪ್ಪಿನಕಾಯಿಯ ಹಳೆ ಜಾಡಿ ಅದು. ಲ್ಯಾಬಿನಲ್ಲಿ ಅವಳು ಅದನ್ನು ತಲೆಕೆಳಗು ಹಿಡಿದಳು. ಒಳಗಿನದು ಕದಲಲಿಲ್ಲ. ತಾಸ್‌ಬುಲಾಕ್ ಎಣ್ಣೆಯೇ, ಅನುಮಾನವಿಲ್ಲ. ಮೆಂದಿಗಾಲಿಗೆ ಎದೆ ಹಗುರಾಯಿತು. ಸೀಸೆ ಬದಲಾಯಿಸಿದವನು ಸಿಕ್ಕ, ಬದಲಾದ ಎಣ್ಣೆಯೂ ಸಿಕ್ಕಿತು. ಇನ್ನು ಇದು ಶುದ್ಧ ಎಂದು ತೋರಿಸಿದರೆ ಉಲ್ಬೋಸಿನ್ ಮನೆಗೆ ಹೋಗಬಹುದು.

ಅವಳು ಜಾಡಿಯನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟಳು. ಒಂದು ಗಂಟೆ ಕಾಯಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಆಮೇಲೆ ಕರಗಿದ ಎಣ್ಣೆಯನ್ನು ನೀರಿನಲ್ಲಿ ಕುಲುಕಿ ಉಪ್ಪು ತೊಳೆದಳು. ನೆಲದ ಉಪ್ಪಿನಲ್ಲೂ ಕ್ಲೋರಿನ್ ಇರುತ್ತದೆ, ಅದು ಸೇರಿದರೆ ಲೆಕ್ಕ ಕೆಡುತ್ತದೆ. ತೊಳೆದದ್ದನ್ನು ಕಾಯಿಸಿ, ಮೊದಲು ಆವಿಯಾಗಿ ಬಂದ ಹಗುರ ಭಾಗವನ್ನು ಪುಟ್ಟ ಬಟ್ಟಲಿಗೆ ಹಿಡಿದಳು. ಅವಳ ಕೈ ಎಲ್ಲೂ ತಡವರಿಸಲಿಲ್ಲ. ತನ್ನ ಕೊರಳಿಗೆ ಬಂದಿರುವ ಕೆಲಸವನ್ನೂ ಅವಳು ಬೇರೆಯವರ ಕೆಲಸದಷ್ಟೇ ನೀಟಾಗಿ ಮಾಡುತ್ತಿದ್ದಳು.

"ಪೂರ್ತಿ ಪರೀಕ್ಷೆಗೆ ನಾಳೆವರೆಗೂ ಬೇಕು," ಎಂದಳು. "ಇದೆಯೋ ಇಲ್ವೋ ಅನ್ನೋದನ್ನ ಈಗಲೇ ನೋಡಬಹುದು."

ತಾಮ್ರದ ತಂತಿಯ ಸುರುಳಿಯನ್ನು ಕೆಂಪಗೆ ಕಾಯಿಸಿ ಆರಿಸಿದಳು. ಮೊದಲು ಕರಾಮಾನ್ ಎಣ್ಣೆಯಿಂದ ಅದೇ ರೀತಿ ತೆಗೆದ ಹನಿಯಲ್ಲಿ ಅದ್ದಿ ಉರಿಗೆ ಹಿಡಿದಳು. ಹಳದಿ ಉರಿ, ಸ್ವಲ್ಪ ಹೊಗೆ. ಅಷ್ಟೆ.

ತಂತಿಯನ್ನು ಮತ್ತೆ ಕಾಯಿಸಿ, ಜಾಡಿಯ ಎಣ್ಣೆಯ ಹನಿಯಲ್ಲಿ ಅದ್ದಿದಳು. ಉರಿಗೆ ಹಿಡಿದಳು.

ಉರಿ ಹಸಿರಾಯಿತು. ಹೊಸ ಹುಲ್ಲಿನ ಹಸಿರು. ತಂತಿಯ ಸುತ್ತ ಅದು ಆರದೆ ಉರಿಯಿತು, ಒಂದು, ಎರಡು, ಮೂರು ಉಸಿರಿನಷ್ಟು ಹೊತ್ತು.

"ಹಸಿರು ಅಂದ್ರೆ?" ಎಂದು ಕೇಳಿದ ಮೆಂದಿಗಾಲಿ. ಅವಳ ಮುಖ ನೋಡಿಯೇ ಉತ್ತರ ಗೊತ್ತಾಗಿತ್ತು.

"ಕ್ಲೋರಿನ್. ಇಷ್ಟು ಹಸಿರು ಬರಬೇಕಾದ್ರೆ ಸ್ವಲ್ಪ ಅಲ್ಲ ಆಗಾ. ಬೇಕಾದಷ್ಟಿದೆ. ತಾತ ಸಿಹಿ ವಾಸನೆ ಅಂದಾಗಲೇ ಹೆದರಿದ್ದೆ."

ಅವಳು ಉರಿ ಆರಿಸಿ, ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಪುಟ ಬಿಚ್ಚಿ ಅವನ ಮುಂದಿಟ್ಟಳು. ಫೆಬ್ರವರಿ ಹನ್ನೆರಡು, ತಾಸ್‌ಬುಲಾಕ್. ಕ್ಲೋರಿನ್ ಎಂಬ ಕಡೆ ಅವಳ ದುಂಡಗಿನ ಅಕ್ಷರದಲ್ಲಿ 'ಇಲ್ಲ' ಎಂದಿತ್ತು.

"ಈ ಕೈಯಿಂದಲೇ ಮಾಡಿದ್ದು. ಎರಡು ಸಲ ಮಾಡಿದೆ. ಇರಲಿಲ್ಲ."

ಮೆಂದಿಗಾಲಿಗೆ ತಲೆಬುಡ ತಿಳಿಯದಾಯಿತು. ಅವಳನ್ನು ಉಳಿಸಲೆಂದು ಒಂಟೆಯ ಉಗುಳು ತಿಂದು ತಂದ ಜಾಡಿ ಅವಳ ಕುತ್ತಿಗೆಗೇ ಬಿದ್ದಿತ್ತು. ಪ್ರಾಸಿಕ್ಯೂಟರಿಗೆ ಇದನ್ನು ಕೊಟ್ಟರೆ ಆರು ಗಂಟೆಯವರೆಗೂ ಕಾಯುವುದಿಲ್ಲ. ಒಂದೇ ಬಕೀಟು, ಎರಡು ಸೀಸೆ. ಒಂದರಲ್ಲಿ ವಿಷ, ಇನ್ನೊಂದು ಶುದ್ಧ. ಒಂದೋ ಇವಳು ಸುಳ್ಳು ಬರೆದಳು, ಇಲ್ಲವೇ...

"ಇಲ್ಲವೇ ನೀನು ಪರೀಕ್ಷೆ ಮಾಡಿದ ಸೀಸೆ ಅವರು ತಂದ ಸೀಸೆ ಅಲ್ಲ," ಎಂದ ಅವನು ನಿಧಾನವಾಗಿ. "ಸೀಲು ಹಾಕಿದ್ದು ನೇರ ಮುದುಕನ ಬೀಗದೊಳಗೆ ಹೋಯ್ತು. ಅದನ್ನ ಮುಟ್ಟೋಕೆ ಅವರಿಗೆ ಆಗಲಿಲ್ಲ. ಪರೀಕ್ಷೆಯ ಸೀಸೆ ಎಲ್ಲಿತ್ತು?"

"ಬಿಸಿನೀರಿನ ತೊಟ್ಟಿಯಲ್ಲಿ. ಒಂದು ಗಂಟೆ."

"ಆಗ ಆ ಕೋಣೆಯಲ್ಲಿ ನೀನಿದ್ದೆಯಾ?"

"ಇಲ್ಲ. ಬೀಗ ಹಾಕಿ ಚಹಾ ಕುಡಿಯೋಕೆ ಕೂತಿದ್ದೆ. ಪಕ್ಕದ ಕೋಣೆಯಲ್ಲಿ."

"ಬೀಗದ ಕೈ ಯಾರಿಗಾದ್ರೂ ಕೊಟ್ಟಿದ್ದೆಯಾ?"

ಉಲ್ಬೋಸಿನ್ ಈಗ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಮೂರು ವಾರದಲ್ಲಿ ಮೊದಲ ಸಲ.

"ನಿಮಗೆ ನಿಜವಾಗಲೂ ಮರೆತಿದೆಯೋ, ಮರೆತ ಹಾಗೆ ಮಾಡ್ತಿದ್ದೀರೋ, ಅದನ್ನೇ ದಿನಾ ನೋಡ್ತಿದ್ದೀನಿ ಆಗಾ. ಚಹಾ ಕುಡಿದದ್ದು ನಿಮ್ಮ ಜೊತೆ. ಬೀಗದ ಕೈ ಕೇಳಿದ್ದೂ ನೀವೇ."

ಅವನು ಪುಸ್ತಕದ ತಾರೀಖನ್ನು ಮತ್ತೊಮ್ಮೆ ನೋಡಿದ.

ನೆನಪು ಒಂದೊಂದಾಗಿ ಬಂತು. ಕದ್ದ ಡೀಸೆಲ್ಲಿನ ಒಂದು ಚಿಲ್ಲರೆ ಪ್ರಕರಣ. ಈ ಲ್ಯಾಬಿಗೆ ಅವನು ಆ ತಿಂಗಳು ನಾಲ್ಕಾರು ಸಲ ಬಂದಿದ್ದ, ತಾರೀಖು ಯಾರು ನೆನಪಿಟ್ಟುಕೊಳ್ಳುತ್ತಾರೆ. ಒಂದು ದಿನ ಅವನ ಜೀಪು ಕೆಟ್ಟಿತ್ತು. ಇಸ್ಮಾಗುಲ್ ತಾನಾಗಿ ಫೋನ್ ಮಾಡಿ, "ನಮ್ಮ ಕಾರು ಆ ಕಡೆಗೇ ಬರತ್ತೆ, ಕಳಿಸ್ತೀನಿ," ಎಂದಿದ್ದ. ಕಾರು ಓಡಿಸುತ್ತಿದ್ದದ್ದು ಒಬ್ಬ ತರುಣ. ಈ ಸೀಮೆಯ ಅದೈ ಬುಡಕಟ್ಟಿನ ಜನ ಜೊತೆಗೆ ಕೂತರೆ ಮೊದಲು ಕೇಳುವುದು ಕುಲ, ಹೆಸರಲ್ಲ. ಅವನ ತಾಯಿ ಮೆಂದಿಗಾಲಿಯದೇ ಮುನಾಲ್ ಕವಲಿನ ಹೆಣ್ಣು ಎಂದು ಗೊತ್ತಾಯಿತು. ಅಂದಮೇಲೆ ಅವನು ಸೋದರಳಿಯ, ಇವನು ಸೋದರಮಾವ. ದಾರಿಯುದ್ದಕ್ಕೂ ಅಳಿಯಾ, ಮಾವಾ ಎಂದು ಕರೆದುಕೊಂಡು ನಕ್ಕಿದ್ದರು. ಹೆಸರು ಕೇಳುವ ಅಗತ್ಯವೇ ಬೀಳಲಿಲ್ಲ.

ಸೋದರಳಿಯ ಮೂರು ಸಲ ಏನು ಕೇಳಿದರೂ ಸೋದರಮಾವ ಇಲ್ಲ ಅನ್ನುವಂತಿಲ್ಲ. ಚಹಾಕ್ಕೆ ಒಳಗೆ ಕರೆದಾಗ ಹುಡುಗ ಬಾಗಿಲಲ್ಲೇ ನಿಂತು ರೊಟ್ಟಿಯ ಚೂರು ಮುರಿದು ಬಾಯಿಗಿಟ್ಟುಕೊಂಡು, "ಮಾವ, ಕೈಯೆಲ್ಲ ಡೀಸೆಲ್ಲು. ಬಿಸಿನೀರಲ್ಲಿ ತೊಳೀಬೇಕು. ಇದು ನನ್ನ ಮೊದಲನೇ ಕೇಳಿಕೆ, ಇನ್ನೂ ಎರಡು ಬಾಕಿ," ಎಂದು ತಮಾಷೆ ಮಾಡಿದ್ದ. ಡೀಸೆಲ್ ಡಬ್ಬಿಯ ಜೊತೆ ಅವನ ಕೈಯಲ್ಲಿ ಒಂದು ಚೀಲವೂ ಇತ್ತು. "ಕೊಡಮ್ಮ ಬೀಗದ ಕೈ, ನಮ್ಮ ಅಳಿಯ," ಎಂದು ಮೆಂದಿಗಾಲಿ ಹೆಮ್ಮೆಯಿಂದ ಹೇಳಿದ್ದ.

"ನೀನು ಯಾಕೆ ಹೇಳಲಿಲ್ಲ?" ಎಂದ ಅವನು.

"ಯಾರಿಗೆ ಹೇಳ್ಲಿ? ತನಿಖೆ ಮಾಡ್ತಿರೋರು ನೀವೇ."

ಅವನಿಗೆ ನಾಚಿಕೆಯಾಯಿತು. ಮೂರು ವಾರ ಈ ಹೆಂಗಸು ತನಗೆ ಚಹಾ ಕೊಡುತ್ತ, ತನ್ನನ್ನೇ ಕಳ್ಳನಿರಬಹುದು ಎಂದು ಅಳೆಯುತ್ತ ಕೂತಿದ್ದಳು. ತಪ್ಪೂ ಅಲ್ಲ.

"ಆ ಹುಡುಗನ ಹೆಸರೇನು?"

"ನಿಮ್ಮ ಅಳಿಯ. ನನಗೆ ಹೇಗೆ ಗೊತ್ತಿರತ್ತೆ?"

ಮೆಂದಿಗಾಲಿ ಕಡತ ತೆರೆದ. ಸುಟ್ಟ ಫಿಟ್ಟರ್ ಕುವಾನಿಶ್‌ನ ಹಾಳೆಯನ್ನು ಅವನು ಹತ್ತು ಸಲ ಓದಿದ್ದ, ಹತ್ತು ಸಲವೂ ಒಂದು ಸಾಲಿನ ಮೇಲೆ ಕಣ್ಣು ಜಾರಿತ್ತು. ಹಿಂದಿನ ಕೆಲಸ: ವಾಹನ ಚಾಲಕ, ತಾಸ್‌ಬುಲಾಕ್. ಫೆಬ್ರವರಿ ಹದಿನೈದಕ್ಕೆ ಸಂಸ್ಕರಣಾಗಾರಕ್ಕೆ ವರ್ಗ.

ಸೀಸೆ ಬದಲಾದ ಮೂರನೇ ದಿನ. ಕೆಲಸ ಮುಗಿದ ಹುಡುಗನನ್ನು ಕಣ್ಣಿಗೆ ಬೀಳದಷ್ಟು ದೂರ ಕಳಿಸಿದ್ದರು, ಅವನೇ ಬಚ್ಚಿಟ್ಟ ವಿಷ ಹಿಂದಿನಿಂದ ಪೈಪಿನಲ್ಲಿ ಬಂದು ಅವನನ್ನೇ ಸುಟ್ಟಿತ್ತು.

'ನನ್ನ ಮಗನ ಸೋದರಮಾವ ಬಂದ್ರು.' ಆ ತಾಯಿ ದುಃಖದಲ್ಲಿ ಏನೋ ಅಂದದ್ದಲ್ಲ. ಮಗ ಮನೆಗೆ ಹೋಗಿ ಹೇಳಿದ್ದ, ದೊಡ್ಡ ಪೊಲೀಸ್ ಅಧಿಕಾರಿಯೊಬ್ಬರು ಮಾವನಾಗಿ ಸಿಕ್ಕಿದರು ಎಂದು.

"ಅವನೊಬ್ಬನೇ ಹೇಳಬಲ್ಲ, ಆ ಸೀಸೆ ಕೊಟ್ಟು ಕಳಿಸಿದ್ದು ಯಾರು ಅಂತ," ಎಂದ ಮೆಂದಿಗಾಲಿ. "ಅವನು ಬಾಯಿ ಬಿಟ್ರೆ ನೀನು ಉಳೀತೀಯ. ಇಲ್ಲದಿದ್ರೆ ಬಾಗಿಲು ತೆಗೆಸಿದವನು ನಾನು, ಸುಳ್ಳು ಬರೆದವಳು ನೀನು. ಇಬ್ಬರೂ ಸೇರಿ ಮಾಡಿದ್ವಿ ಅಂತ ಆಗತ್ತೆ."

ಆಗಲೇ ಅವನ ಫೋನು ಅಲುಗಿತು. ಇಸ್ಮಾಗುಲ್. ಗಡಿಯಾರದಲ್ಲಿ ನಾಲ್ಕೂವರೆ.

"ಮೆನೆಕೆ, ಒಳ್ಳೆ ಸುದ್ದಿ," ಎಂದಿತು ನುಣ್ಣಗಿನ ದನಿ. "ನಮ್ಮ ಕುವಾನಿಶ್ ಮಧ್ಯಾಹ್ನ ಕಣ್ಣು ಬಿಟ್ಟ. ನೋಡಿಕೊಂಡು ಹೋಗೋಣ ಅಂತ ಬಿಸಿ ಸೊರ್ಪಾ ಮಾಡಿಸ್ಕೊಂಡು ಬಂದಿದ್ದೀನಿ, ಕಾಯಿಲೆಯವರಿಗೆ ಮಾಂಸದ ಸಾರು ಒಳ್ಳೇದಲ್ವಾ. ಬಾಗಿಲಲ್ಲಿ ನಿಮ್ಮ ಪೊಲೀಸಿನವನು ತಡೆದ. ಮೇಜರೇ ಕಳಿಸಿದ್ದು ಅಂದೆ, ಬಿಟ್ಟ. ಅವನ ತಾಯೀನ ಸ್ವಲ್ಪ ಮಲಗಮ್ಮ ಅಂತ ಮನೆಗೆ ಕಳಿಸಿದೆ. ಈಗ ಅವನ ತಲೆದೆಸೆಯಲ್ಲೇ ಕೂತಿದ್ದೀನಿ."

ಮೆಂದಿಗಾಲಿ ಜೀಪಿನ ಕೀಗಾಗಿ ಜೇಬು ತಡಕಿದ. ಅಕ್ತಾವ್ ಆಸ್ಪತ್ರೆ ಅಲ್ಲಿಂದ ಎರಡು ಗಂಟೆಯ ದಾರಿ.

"ಅವನು ಏನಾದ್ರೂ ಹೇಳಿದನಾ?"

"ಹೆಚ್ಚು ಮಾತಿಲ್ಲ. ಒಂದೇ ಮಾತು, ತಿರುಗಾ ಮುರುಗಾ. ಮಾವನ್ನ ಕರೀರಿ, ಎರಡನೇದು ಕೇಳ್ಬೇಕು ಅಂತಾನೆ."

ಸಾರಿನ ಬಟ್ಟಲಿಗೆ ಚಮಚ ತಾಗಿದ ಸಣ್ಣ ಸದ್ದು ಫೋನಿನಲ್ಲಿ ಕೇಳಿಸಿತು.

"ಯಾವ ಮಾವ ಅಂತ ನಿಮಗೇನಾದ್ರೂ ಗೊತ್ತಾ, ಮೆನೆಕೆ?"